ಮುಟ್ಟಿದರೆ ಮಾಯ: ಪಾಸಿಟ್ರಾನ್ ಕೂಡಿಡೋದು ಹೆಂಗ?

ಇವತ್ತಿನ ವಿಷಯ ಪ್ರತಿದ್ರವ್ಯ. ಹೆಸರು ಕೇಳಿದ್ರ ಇಂಗ್ಲಿಷ್ ಸಿನಿಮಾದ ಮಾತು ಅನ್ನಿಸುತ್ತದೆ. ಆದರೆ ನನಗೆ ಇದು ಶುರುವಾಗಿದ್ದು ಬೈಲಹೊಂಗಲ ಕಡೆಯ ನಮ್ಮ ಮನೆಯ ಪಡಸಾಲೆಯಲ್ಲಿ.

ನಮ್ಮ ದೊಡ್ಡವ್ವನಿಗೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಪೆಟ್ ಸ್ಕ್ಯಾನ್ ಮಾಡಿಸಿದ್ದೆವು. ಕೈಗೆ ಒಂದು ಇಂಜೆಕ್ಷನ್ ಕೊಟ್ಟರು, ಒಂದು ತಾಸು ಸುಮ್ಮನೆ ಮಲಗಿಸಿದರು, ಆಮೇಲೆ ಯಂತ್ರದೊಳಗೆ ಕಳಿಸಿದರು. ಹೊರಗೆ ಬಂದಾಗ ಒಬ್ಬರು ಹೇಳಿದರು: ಇವತ್ತು ರಾತ್ರಿವರೆಗೆ ಸಣ್ಣ ಮಕ್ಕಳನ್ನ, ಬಸುರಿ ಹೆಣ್ಣುಮಕ್ಕಳನ್ನ ಹತ್ತಿರ ಕರೀಬ್ಯಾಡ್ರಿ. ಅಷ್ಟೇ ಹೇಳಿದ್ದು. ಯಾಕೆ ಅಂತ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಊರಿಗೆ ಬಂದಮೇಲೆ ಮೂರನೇ ದಿನವೂ ದೊಡ್ಡವ್ವ ಮೊಮ್ಮಗಳನ್ನ ಎತ್ತಿಕೊಳ್ಳಲಿಲ್ಲ. ಒಂದು ವರ್ಷದ ಕೂಸು, ಹೊಸ್ತಿಲಲ್ಲಿ ನಿಂತು ಕೈ ಚಾಚಿ ಅಳುತ್ತಿತ್ತು. ಈಕೆ ಗೋಡೆ ಕಡೆ ಮುಖ ಮಾಡಿ ಕೂತಿದ್ದಳು. ನನ್ನನ್ನ ಕರೆದು ಕೇಳಿದಳು: "ತಮ್ಮಾ, ನನ್ನ ಮೈಯಾಗ ಏನ ಹಾಕ್ಯಾರಪಾ ಅವರು? ಅದು ಇನ್ನೂ ಒಳಗ ಐತೇನು?"

ನಾನು ಓದಿದ್ದು ಬಿ.ಕಾಂ. ಆದರೂ ಆ ರಾತ್ರಿ ಕೂತು ಹುಡುಕಿದೆ. ದೊಡ್ಡವ್ವನ ಮೈಯೊಳಗೆ ಹುಟ್ಟಿದ್ದು ಪಾಸಿಟ್ರಾನ್. ಅಂದರೆ ಪ್ರತಿದ್ರವ್ಯವೇ. ಅದು ಒಳಗೆ ಉಳಿದಿದ್ದು ಎಷ್ಟು ಹೊತ್ತು? ಒಂದೊಂದು ಪಾಸಿಟ್ರಾನೂ ಬದುಕಿದ್ದು ಹೆಚ್ಚೆಂದರೆ ಒಂದು ಸೆಕೆಂಡಿನ ನೂರು ಕೋಟಿಯ ಕೆಲವು ಪಾಲು. ಕಣ್ಣು ಮಿಟುಕಿಸೋದು ಇದರ ಮುಂದೆ ಒಂದು ಯುಗ.

ಆಗ ನನಗೆ ಇನ್ನೊಂದು ಪ್ರಶ್ನೆ ಹತ್ತಿಕೊಂಡಿತು. ಇಷ್ಟು ಬೇಗ ಸಾಯೋ ವಸ್ತುವನ್ನ ಯುರೋಪಿನ ಸರ್ನ್ ಪ್ರಯೋಗಾಲಯದವರು ಕೋಟಿಗಟ್ಟಲೆ ಕೂಡಿಟ್ಟು, ಬೇಕಾದಾಗ ತೆಗೆದು ಬಳಸ್ತಾರಂತ. ಮುಟ್ಟಿದ್ರ ಮಾಯ ಆಗೋದನ್ನ ಯಾವ ಡಬ್ಬಿಯಲ್ಲಿ ಇಡ್ತಾರ? ಇವತ್ತಿನ ಸಂಚಿಕೆ ಅದರ ಬಗ್ಗೆ.

ಜಮಾ ಮತ್ತು ಖರ್ಚು

ಮೊದಲು ಪಾಸಿಟ್ರಾನ್ ಅಂದರೇನು ನೋಡೋಣ. ಎಲೆಕ್ಟ್ರಾನ್ ನಿಮಗೆ ಗೊತ್ತು. ನಿಮ್ಮ ಫೋನಿನ ಬ್ಯಾಟರಿಯಿಂದ ಹಿಡಿದು ಟಿಸಿ ತನಕ ಹರಿಯೋದು ಅದೇ. ಅದರ ಮೇಲೆ ಋಣ ವಿದ್ಯುದಂಶ ಇರುತ್ತದೆ. ಪಾಸಿಟ್ರಾನ್ ಅದರ ಜೋಡಿ: ತೂಕ ಅಷ್ಟೇ, ವಿದ್ಯುದಂಶ ಮಾತ್ರ ಧನ. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳಬೇಕಂದ್ರ ಒಂದು ಜಮಾ, ಒಂದು ಖರ್ಚು. ಎರಡೂ ಸೇರಿದರೆ ಖಾತೆ ಸೊನ್ನೆ.

ಆದರೆ ಇಲ್ಲಿ ಖಾತೆ ಸೊನ್ನೆಯಾದಾಗ ತೂಕ ಸುಮ್ಮನೆ ಹೋಗುವುದಿಲ್ಲ, ಬೆಳಕಾಗುತ್ತದೆ. ಪಾಸಿಟ್ರಾನ್ ಒಂದು ಎಲೆಕ್ಟ್ರಾನನ್ನು ಸಂಧಿಸಿದರೆ ಎರಡೂ ಅಳಿದು, ಸಾಮಾನ್ಯವಾಗಿ ಎರಡು ಗಾಮಾ ಕಿರಣಗಳು ಎದುರುಬದುರು ದಿಕ್ಕಿಗೆ ಹೊರಡುತ್ತವೆ. ಪೆಟ್ ಸ್ಕ್ಯಾನ್ ಯಂತ್ರದ ಬಳೆಯಂಥ ಭಾಗ ಹಿಡಿಯೋದು ಇದೇ ಎರಡು ಕಿರಣಗಳನ್ನ. ಎರಡೂ ಒಂದೇ ಗಳಿಗೆಗೆ ಬಂದು ಬಡಿದರೆ, ಅವುಗಳ ನಡುವಿನ ಗೆರೆಯ ಮೇಲೆ ಎಲ್ಲೋ ಆ ಘಟನೆ ಆಗಿದೆ ಅಂತ ಲೆಕ್ಕ. ಇಂಥ ಲಕ್ಷಾಂತರ ಗೆರೆ ಕೂಡಿಸಿದರೆ ಚಿತ್ರ ಮೂಡುತ್ತದೆ.

ಇದನ್ನ ಮೊದಲು ಕಾಗದದ ಮೇಲೆ ಕಂಡವರು ಪಾಲ್ ಡಿರಾಕ್. 1928ರಲ್ಲಿ ಅವರು ಬರೆದ ಸಮೀಕರಣಕ್ಕೆ ಒಂದರ ಬದಲು ಎರಡು ಬಗೆಯ ಉತ್ತರ ಬಂತು. 1931ರಲ್ಲಿ ಅವರು ಎಲೆಕ್ಟ್ರಾನಿಗೆ ಎದುರಾದ ಕಣ ಒಂದು ಇರಬೇಕು ಅಂದರು. ಮರುವರ್ಷ, 1932ರಲ್ಲಿ, ಅಮೆರಿಕದ ಕಾರ್ಲ್ ಆಂಡರ್ಸನ್ ಆಕಾಶದಿಂದ ಬರುವ ವಿಶ್ವಕಿರಣಗಳ ಫೋಟೋ ತೆಗೆಯುವಾಗ ತಪ್ಪು ದಿಕ್ಕಿಗೆ ಬಾಗಿದ ಒಂದು ಗೆರೆ ಸಿಕ್ಕಿತು. ಅದೇ ಪಾಸಿಟ್ರಾನ್.

ಇಲ್ಲಿ ನಮ್ಮ ಕರ್ನಾಟಕದ ಒಂದು ಎಳೆ ಐತಿ. ಪಾಸಿಟ್ರಾನ್ ಮತ್ತು ಎಲೆಕ್ಟ್ರಾನ್ ಒಂದಕ್ಕೊಂದು ಹೇಗೆ ಡಿಕ್ಕಿ ಹೊಡೆದು ಚೆದುರುತ್ತವೆ ಅನ್ನೋ ಲೆಕ್ಕವನ್ನ 1936ರಲ್ಲಿ ಪ್ರಕಟಿಸಿದವರು ಹೋಮಿ ಭಾಭಾ. ಇವತ್ತಿಗೂ ಜಗತ್ತಿನಾದ್ಯಂತ ಅದಕ್ಕೆ ಭಾಭಾ ಚದುರುವಿಕೆ ಅಂತಲೇ ಹೆಸರು. 1939ರಲ್ಲಿ ಅವರು ಇಂಗ್ಲೆಂಡಿನಿಂದ ರಜೆಗೆ ಬಂದಿದ್ದರು. ಎರಡನೇ ಮಹಾಯುದ್ಧ ಶುರುವಾಯಿತು, ವಾಪಸ್ ಹೋಗಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಅಲ್ಲಿಯೇ ವಿಶ್ವಕಿರಣ ಸಂಶೋಧನೆ ನಡೆಸಿದರು. 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಆರಂಭವಾಗಿದ್ದೂ ಮೊದಲು ಬೆಂಗಳೂರಿನಲ್ಲೇ. ಮುಂಬಯಿಗೆ ಹೋಗಿದ್ದು ಆಮೇಲೆ.

ಪಾಸಿಟ್ರಾನ್ ಬರೋದು ಎಲ್ಲಿಂದ?

ಬಾಳೆಹಣ್ಣಿನಿಂದಲೂ ಬರುತ್ತದೆ. ತಮಾಷೆ ಅಲ್ಲ್ರೀ. ಹಣ್ಣಿನೊಳಗಿನ ಪೊಟ್ಯಾಸಿಯಂನಲ್ಲಿ ಒಂದು ಸಣ್ಣ ಪಾಲು ವಿಕಿರಣಶೀಲ. ಒಂದು ಬಾಳೆಹಣ್ಣು ತಾಸೆರಡು ತಾಸಿಗೆ ಒಂದರಂತೆ ಪಾಸಿಟ್ರಾನ್ ಬಿಡುತ್ತದೆ. ಅದು ಹಣ್ಣಿನೊಳಗೇ ಸಾಯುತ್ತದೆ. ತಿನ್ನಾಕ ಏನೂ ಅಂಜಿಕೆ ಬ್ಯಾಡ.

ಪ್ರಯೋಗಾಲಯಕ್ಕೆ ಬೇಕಾದಷ್ಟು ಪಾಸಿಟ್ರಾನ್ ಬೇಕಂದ್ರ ಹೆಚ್ಚಾಗಿ ಬಳಸೋದು ಸೋಡಿಯಂ-22. ನಮ್ಮ ಅಡಿಗೆ ಉಪ್ಪಿನಲ್ಲಿ ಇರೋದು ಸೋಡಿಯಂ-23. ಅದಕ್ಕಿಂತ ಒಂದು ನ್ಯೂಟ್ರಾನ್ ಕಡಿಮೆ ಇರೋ ತಮ್ಮ ಇವನು. ಇವನು ಗಟ್ಟಿಯಾಗಿ ನಿಲ್ಲೋನಲ್ಲ. ಒಳಗಿನ ಒಂದು ಪ್ರೋಟಾನ್ ನ್ಯೂಟ್ರಾನ್ ಆಗಿ ಬದಲಾಗುತ್ತದೆ, ಆ ಗಳಿಗೆಯಲ್ಲಿ ಪಾಸಿಟ್ರಾನ್ ಹುಟ್ಟಿ ಹೊರಗೆ ಚಿಮ್ಮುತ್ತದೆ. ಗಮನಿಸಿ, ಪಾಸಿಟ್ರಾನ್ ಅದರೊಳಗೆ ಮೊದಲೇ ಅಡಗಿ ಕೂತಿರಲಿಲ್ಲ. ಆ ಗಳಿಗೆಯಲ್ಲೇ ಹುಟ್ಟಿದ್ದು.

ಸೋಡಿಯಂ-22ರ ಅರ್ಧಾಯುಷ್ಯ 2.6 ವರ್ಷ. ಬಿ.ಕಾಂ.ನಲ್ಲಿ ಸವಕಳಿ ಲೆಕ್ಕ ಮಾಡಿದವರಿಗೆ ಇದು ಬೇಗ ತಿಳಿಯುತ್ತದೆ. ಯಂತ್ರದ ಬೆಲೆ ಪ್ರತಿ ವರ್ಷ ಉಳಿದದ್ದರ ಮೇಲೆ ಇಷ್ಟು ಪಾಲು ಇಳಿಯುತ್ತದಲ್ಲ, ಹಾಗೆಯೇ. ಇವತ್ತು 100 ಇದ್ದರೆ 2.6 ವರ್ಷಕ್ಕೆ 50, 5.2 ವರ್ಷಕ್ಕೆ 25. ಬಳಸಿದರೂ ಇಳಿಯುತ್ತದೆ, ಬೀರುವಿನಲ್ಲಿ ಇಟ್ಟರೂ ಇಳಿಯುತ್ತದೆ. ಅದಕ್ಕೇ ಪ್ರಯೋಗಾಲಯದವರು ಕೆಲವು ವರ್ಷಕ್ಕೊಮ್ಮೆ ಹೊಸದು ಕೊಳ್ಳಲೇಬೇಕು.

ದೊಡ್ಡವ್ವನಿಗೆ ಕೊಟ್ಟಂಥ ಔಷಧದಲ್ಲಿ ಸಾಮಾನ್ಯವಾಗಿ ಇರೋದು ಫ್ಲೋರಿನ್-18. ಅದರ ಅರ್ಧಾಯುಷ್ಯ ಸುಮಾರು 110 ನಿಮಿಷ. ಆ ಲೆಕ್ಕವನ್ನ ಕೊನೆಗೆ ಮಾಡೋಣ, ನೆನಪಿಟ್ಟುಕೊಳ್ಳಿ.

ಮೊದಲ ತೊಂದರೆ: ವೇಗ

ಸೋಡಿಯಂನಿಂದ ಹೊರಬರುವ ಪಾಸಿಟ್ರಾನ್‌ಗಳಲ್ಲಿ ಹಲವು ಬೆಳಕಿನ ಅರ್ಧಕ್ಕಿಂತ ಹೆಚ್ಚು ವೇಗದಲ್ಲಿ ಓಡುತ್ತವೆ. ಅಷ್ಟು ವೇಗದ ಕಣವನ್ನ ನೇರವಾಗಿ ಬಲೆಗೆ ಹಾಕಲು ಆಗೋದಿಲ್ಲ. ಸವದತ್ತಿ ಗುಡ್ಡ ಇಳಿಯುತ್ತಿರುವ ಬ್ರೇಕಿಲ್ಲದ ಟೆಂಪೊವನ್ನ ಕೈ ಅಡ್ಡ ಹಿಡಿದು ನಿಲ್ಲಿಸಿದಂತೆ ಆಗುತ್ತದೆ.

ಅದಕ್ಕೆ ಮಾಡುವ ಉಪಾಯ ಕೇಳಿದ್ರ ನಿಮಗೆ ಅಚ್ಚರಿ ಆಗುತ್ತದೆ. ಅಂಗಡಿ ಬೋರ್ಡಿನ ನಿಯಾನ್ ದೀಪ ಕೇಳೀರಲ್ಲ, ಅದೇ ನಿಯಾನ್ ಅನಿಲವನ್ನ ಸುಮಾರು ಮೈನಸ್ 266 ಡಿಗ್ರಿ ಸೆಲ್ಸಿಯಸ್‌ಗೆ ತಂಪು ಮಾಡುತ್ತಾರೆ. ಅದು ಮಂಜುಗಡ್ಡೆಯಾಗಿ ಸೋಡಿಯಂ ಮುಂದೆ ತೆಳುವಾಗಿ ಕೂಡುತ್ತದೆ. ಪಾಸಿಟ್ರಾನ್‌ಗಳು ಈ ಗಡ್ಡೆಯೊಳಗೆ ನುಗ್ಗಿ, ಬಡಿದಾಡಿ, ಶಕ್ತಿ ಕಳೆದುಕೊಳ್ಳುತ್ತವೆ. ಬಹುಪಾಲು ಅಲ್ಲೇ ಅಳಿಯುತ್ತವೆ. ನೂರಕ್ಕೆ ಒಂದಕ್ಕಿಂತಲೂ ಕಡಿಮೆ ಮಾತ್ರ ನಿಧಾನವಾಗಿ ಮೇಲ್ಮೈಗೆ ಬಂದು ಹೊರಬೀಳುತ್ತವೆ.

ನೂರರಲ್ಲಿ ತೊಂಬತ್ತೊಂಬತ್ತು ಹೋದರೂ ನಡೆಯುತ್ತಾ? ನಡೆಯುತ್ತದೆ, ಯಾಕಂದ್ರ ಉಳಿದ ಒಂದು ಕೈಗೆ ಸಿಗುವಂಥದ್ದು.

ಗೋಡೆಯಿಲ್ಲದ ಹಗೇವು

ಈಗ ಇಡುವ ಜಾಗದ ಮಾತು. ನಮ್ಮ ಕಡೆಯ ಹಿರಿಯರಿಗೆ ಹಗೇವು ಗೊತ್ತು. ನೆಲದೊಳಗೆ ತೋಡಿದ ಜೋಳದ ಕಣಜ. ಒಳಗೋಡೆಗೆ ಹುಲ್ಲು ಹೊಂದಿಸಿ, ಜೋಳ ತುಂಬಿ, ಬಾಯಿ ಮುಚ್ಚಿದರೆ ಬರಗಾಲಕ್ಕೆ ಆಗುತ್ತಿತ್ತು. ಹಗೇವಿನ ಗುಟ್ಟು ಗೋಡೆ: ನೀರು, ಹುಳ ಒಳಗೆ ಬರಬಾರದು.

ಪಾಸಿಟ್ರಾನಿಗೆ ಗೋಡೆಯೇ ವೈರಿ. ಗಾಜು, ಉಕ್ಕು, ಬಂಗಾರ, ಯಾವುದಾದರೂ ಇರಲಿ, ಎಲ್ಲದರಲ್ಲೂ ಎಲೆಕ್ಟ್ರಾನ್ ಇದ್ದೇ ಇದೆ. ತಾಗಿದರೆ ಮುಗಿಯಿತು. ಗಾಳಿಯೂ ವೈರಿ. ಹಾಗಾಗಿ ಬೇಕಾಗಿರೋದು ಗೋಡೆಯಿಲ್ಲದ, ಗಾಳಿಯಿಲ್ಲದ ಹಗೇವು.

ಅಂಥದ್ದು ಒಂದು ಐತಿ. ಅದರ ಹೆಸರು ಪೆನ್ನಿಂಗ್ ಬಲೆ. ಎರಡು ಬಲಗಳು ಸೇರಿ ಈ ಬಲೆಯಾಗುತ್ತದೆ.

ಒಂದು, ಕಾಂತ ಬಲ. ಉದ್ದನೆಯ ಕೊಳವೆಯ ಸುತ್ತ ತಂತಿ ಸುತ್ತಿ ಕೊಳವೆಯ ಉದ್ದಕ್ಕೂ ಕಾಂತಕ್ಷೇತ್ರ ಉಂಟುಮಾಡುತ್ತಾರೆ. ಅದರೊಳಗೆ ಪಾಸಿಟ್ರಾನ್ ಪಕ್ಕಕ್ಕೆ ಹೋಗಲು ನೋಡಿದರೆ ಕಾಂತ ಬಲ ಅದನ್ನ ಬಾಗಿಸಿ ಸಣ್ಣ ವೃತ್ತದಲ್ಲಿ ತಿರುಗಿಸುತ್ತದೆ. ಗಾಣಕ್ಕೆ ಕಟ್ಟಿದ ಎತ್ತು ಇದ್ದಂತೆ: ನಡೆಯುತ್ತಲೇ ಇರುತ್ತದೆ, ಆದರೆ ಗೋಡೆ ಮುಟ್ಟುವುದಿಲ್ಲ.

ಎರಡು, ವಿದ್ಯುತ್ ಬಲ. ಎತ್ತು ಸುತ್ತುತ್ತಾ ಕೊಳವೆಯ ಉದ್ದಕ್ಕೆ ಜಾರಿ ತುದಿಯಿಂದ ಹೊರಗೆ ಹೋಗಬಹುದಲ್ಲ? ಅದಕ್ಕೆ ಎರಡೂ ತುದಿಯಲ್ಲಿ ಲೋಹದ ಬಳೆಗಳನ್ನ ಇಟ್ಟು ಧನ ವೋಲ್ಟೇಜ್ ಕೊಡುತ್ತಾರೆ. ಪಾಸಿಟ್ರಾನೂ ಧನ, ಬಳೆಯೂ ಧನ. ಹತ್ತಿರ ಬಂದರೆ ಹಿಂದಕ್ಕೆ ತಳ್ಳುತ್ತದೆ. ಎರಡು ಗುಡ್ಡದ ನಡುವಿನ ಕಣಿವೆಯಲ್ಲಿ ಸಿಕ್ಕಂತೆ.

ಬರೀ ವಿದ್ಯುತ್ತಿನಿಂದ ಈ ಕೆಲಸ ಆಗಲ್ಲ. ನಿಂತ ವೋಲ್ಟೇಜುಗಳಿಂದ ಎಲ್ಲಾ ದಿಕ್ಕಿಗೂ ಗುಡ್ಡ ಎಬ್ಬಿಸೋದು ಭೌತಶಾಸ್ತ್ರದ ನಿಯಮದ ಪ್ರಕಾರವೇ ಸಾಧ್ಯವಿಲ್ಲ. ಒಂದು ಕಡೆ ಎತ್ತರಿಸಿದರೆ ಇನ್ನೊಂದು ಕಡೆ ತಗ್ಗು ಆಗುತ್ತದೆ. ಆ ತಗ್ಗಿನ ಕಡೆ ಕಾವಲು ನಿಲ್ಲೋದು ಕಾಂತ.

ಈ ಬಲೆಯನ್ನ ಕಟ್ಟಿ ಬೆಳೆಸಿದವರು ಹಾನ್ಸ್ ಡೆಮೆಲ್ಟ್. ಇದಕ್ಕಾಗಿ 1989ರ ನೊಬೆಲ್‌ನಲ್ಲಿ ಪಾಲು ಪಡೆದರು. 1984ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಅವರ ತಂಡ ಒಂದೇ ಒಂದು ಪಾಸಿಟ್ರಾನನ್ನು ಹಿಡಿದು ಸುಮಾರು ಮೂರು ತಿಂಗಳು ಇಟ್ಟುಕೊಂಡಿತ್ತು. ಅದಕ್ಕೆ ಪ್ರಿಸಿಲ್ಲಾ ಅಂತ ಹೆಸರನ್ನೂ ಇಟ್ಟಿದ್ದರು. ದೊಡ್ಡವ್ವನ ಮೈಯಲ್ಲಿ ಕ್ಷಣವೂ ಬಾಳದ ಕಣ ಅಲ್ಲಿ ಮೂರು ತಿಂಗಳು ಬಾಳಿತು! ಅಂದರೆ ಪಾಸಿಟ್ರಾನ್ ತಾನಾಗಿ ಸಾಯೋದಿಲ್ಲ. ಎಲೆಕ್ಟ್ರಾನ್ ಸಿಕ್ಕರೆ ಮಾತ್ರ ಸಾಯುತ್ತದೆ. ಸಿಗದಂತೆ ನೋಡಿಕೊಂಡರೆ ಅದು ಇದ್ದೇ ಇರುತ್ತದೆ. ನನಗೆ ಈ ಇಡೀ ಕಥೆಯಲ್ಲಿ ಬಹಳ ಹಿಡಿಸಿದ ಮಾತು ಇದು.

ಒಳಗೆ ಬಂದದ್ದು ಹೊರಗೆ ಹೋಗದಂತೆ

ಒಂದನ್ನ ಹಿಡಿದಿದ್ದಾಯಿತು. ಕೋಟಿ ಕೂಡಿಸೋದು ಹೆಂಗ? ಇಲ್ಲೊಂದು ಗಂಟು ಇದೆ.

ಹಿತ್ತಾಳೆಯ ಬೋಗುಣಿ ತಗೊಳ್ಳಿ. ಅದರ ಅಂಚಿನ ಹೊರಗಿನಿಂದ ಗೋಲಿ ಉರುಳಿಸಿದರೆ, ಅಂಚು ಹತ್ತುವಷ್ಟು ವೇಗ ಇದ್ದ ಗೋಲಿ ಒಳಗೆ ಇಳಿದು, ಅದೇ ವೇಗದಲ್ಲಿ ಎದುರಿನ ಅಂಚು ಹತ್ತಿ ಹೊರಗೆ ಹೋಗುತ್ತದೆ. ಒಳಗೆ ಬರುವಷ್ಟು ಶಕ್ತಿ ಇದ್ದದ್ದಕ್ಕೆ ಹೊರಗೆ ಹೋಗುವಷ್ಟು ಶಕ್ತಿಯೂ ಇರುತ್ತದೆ. ನಿಜವಾದ ಗೋಲಿ ನಿಲ್ಲೋದು ಹಿತ್ತಾಳೆಗೆ ಉಜ್ಜಿಕೊಂಡು ಶಕ್ತಿ ಕಳೆದುಕೊಳ್ಳುವುದರಿಂದ. ಪಾಸಿಟ್ರಾನಿನ ಬಲೆಯಲ್ಲಿ ಗೋಡೆಯೇ ಇಲ್ಲ, ಉಜ್ಜೋದು ಯಾವುದಕ್ಕೆ?

ಉತ್ತರ ಕೊಟ್ಟವರು ಕ್ಲಿಫರ್ಡ್ ಸುರ್ಕೊ ಮತ್ತು ಅವರ ಜೊತೆಗಾರರು, 1980ರ ದಶಕದ ಕೊನೆಗೆ. ಅವರ ಉಪಾಯ ಕೇಳಿದರೆ ಮೊದಲು ಹುಚ್ಚುತನ ಅನ್ನಿಸುತ್ತದೆ. ಗಾಳಿಯೇ ವೈರಿ ಅಂದೆನಲ್ಲ, ಅವರು ಬೇಕಂತಲೇ ಬಲೆಯೊಳಗೆ ಸ್ವಲ್ಪ ಸಾರಜನಕ ಬಿಟ್ಟರು. ನಾವು ಉಸಿರಾಡುವ ಗಾಳಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚಿರುವ ಅದೇ ನೈಟ್ರೋಜನ್.

ಪಾಸಿಟ್ರಾನ್ ಒಳಗೆ ಬಂದು ಒಂದು ಸಾರಜನಕ ಅಣುವಿಗೆ ಡಿಕ್ಕಿ ಹೊಡೆಯುತ್ತದೆ. ತನ್ನ ಶಕ್ತಿಯಲ್ಲಿ ಒಂದು ದೊಡ್ಡ ತುಂಡನ್ನ ಅಣುವಿಗೆ ಕೊಟ್ಟುಬಿಡುತ್ತದೆ. ಈಗ ಅದಕ್ಕೆ ಗುಡ್ಡ ಹತ್ತಿ ವಾಪಸ್ ಹೋಗುವ ಶಕ್ತಿ ಇಲ್ಲ. ಸಿಕ್ಕಿಬಿತ್ತು. ಆದರೆ ಅಪಾಯವೂ ಇದೆ: ಅದೇ ಡಿಕ್ಕಿಯಲ್ಲಿ ಪಾಸಿಟ್ರಾನ್ ಅಣುವಿನಿಂದ ಒಂದು ಎಲೆಕ್ಟ್ರಾನನ್ನ ಕಿತ್ತುಕೊಂಡು ಅದರ ಜೊತೆ ಜೋಡಿಯಾಗಿ ಹೊರಟುಹೋಗಬಹುದು. ಆ ಜೋಡಿಗೆ ಪಾಸಿಟ್ರೋನಿಯಂ ಅಂತ ಹೆಸರು, ಅದು ಬಾಳುವುದಿಲ್ಲ. ಬೇರೆ ಅನಿಲಗಳಲ್ಲಿ ಈ ನಷ್ಟ ಹೆಚ್ಚು. ಸಾರಜನಕದಲ್ಲಿ ಸರಿಯಾದ ಶಕ್ತಿಯ ಪಾಸಿಟ್ರಾನ್ ಬಿಟ್ಟರೆ, ಶಕ್ತಿ ಕೊಟ್ಟು ಉಳಿಯುವ ಸಾಧ್ಯತೆ ಚೆನ್ನಾಗಿರುತ್ತದೆ. ಅದಕ್ಕೇ ಸಾರಜನಕದ ಆಯ್ಕೆ.

ಇನ್ನೂ ಒಂದು ಜಾಣತನ ಐತಿ. ಬಲೆಯನ್ನ ಮೂರು ಮೆಟ್ಟಿಲಾಗಿ ಮಾಡಿದರು. ಮೊದಲ ಮೆಟ್ಟಿಲಲ್ಲಿ ಕೊಳವೆ ಇಕ್ಕಟ್ಟು, ಅನಿಲ ಹೆಚ್ಚು. ಇಲ್ಲಿ ಮೊದಲ ಡಿಕ್ಕಿ. ಎರಡನೇ ಮೆಟ್ಟಿಲು ಅಗಲ, ಅನಿಲ ಕಡಿಮೆ. ಮೂರನೆಯದು ಇನ್ನೂ ಅಗಲ, ಅನಿಲ ಮೊದಲಿನ ಸಾವಿರದಲ್ಲೊಂದು ಪಾಲಿನಷ್ಟು. ವೋಲ್ಟೇಜೂ ಹಾಗೆಯೇ ಇಳಿಯುತ್ತಾ ಹೋಗುತ್ತದೆ. ಪಾಸಿಟ್ರಾನ್ ಒಂದೊಂದು ಡಿಕ್ಕಿಗೆ ಒಂದೊಂದು ಮೆಟ್ಟಿಲು ಇಳಿದು, ಕೊನೆಗೆ ತೀರ ಕೆಳಗಿನ, ಅನಿಲ ತೀರ ಕಡಿಮೆ ಇರುವ ಕೋಣೆಯಲ್ಲಿ ನೆಲೆ ನಿಲ್ಲುತ್ತದೆ. ಡಿಕ್ಕಿ ಬೇಕಾದಲ್ಲಿ ಅನಿಲ, ಬದುಕಬೇಕಾದಲ್ಲಿ ಖಾಲಿ. ಬಂದ ನಿಧಾನ ಪಾಸಿಟ್ರಾನ್‌ಗಳಲ್ಲಿ ಸುಮಾರು ಕಾಲುಭಾಗ ಹೀಗೆ ಸಿಕ್ಕಿಬೀಳುತ್ತವೆ. ಇವತ್ತು ಜಗತ್ತಿನ ಹಲವು ಪ್ರಯೋಗಾಲಯಗಳು ಬಳಸೋದು ಇದೇ ಸುರ್ಕೊ ಬಲೆ.

ನವಿಲುತೀರ್ಥದ ಲೆಕ್ಕ

ಈಗ ನನ್ನ ಹೊಲಕ್ಕೆ ಬಂದೆ: ಲೆಕ್ಕಪತ್ರ. ನಮ್ಮ ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆ ಎರಡು ಗುಡ್ಡದ ನಡುವೆ ಇಕ್ಕಟ್ಟಾಗಿ ಹರಿಯುತ್ತದೆ. ಅಲ್ಲಿ ಅಣೆಕಟ್ಟು ಕಟ್ಟಿದ್ದಕ್ಕೆ ಹಿಂದೆ ರೇಣುಕಾ ಸಾಗರ ನಿಂತಿದೆ. ಅದರಲ್ಲಿ ಎಷ್ಟು ನೀರು ನಿಲ್ಲುತ್ತದೆ ಅನ್ನೋದು ಎರಡು ಸಂಗತಿಯ ಮೇಲಿದೆ: ಬರುವುದು ಎಷ್ಟು, ಹೋಗುವುದು ಎಷ್ಟು. ಬಿಸಿಲಿಗೆ ಆರುವುದು, ಕಾಲುವೆಗೆ ಬಿಡುವುದು, ಎಲ್ಲಾ ಹೋಗುವ ಲೆಕ್ಕ.

ಪಾಸಿಟ್ರಾನ್ ಬಲೆಯ ಒಂದು ಅಂದಾಜು ಲೆಕ್ಕ ಮಾಡೋಣ. ಸೋಡಿಯಂನಲ್ಲಿ ಸೆಕೆಂಡಿಗೆ 100 ಕೋಟಿ ಪರಮಾಣು ಒಡೆಯುತ್ತವೆ ಅಂತ ಇಟ್ಟುಕೊಳ್ಳಿ. ಅದರಲ್ಲಿ ಸುಮಾರು 90 ಕೋಟಿ ಪಾಸಿಟ್ರಾನ್ ಕೊಡುತ್ತವೆ. ನಿಯಾನ್ ಗಡ್ಡೆ ದಾಟಿ ನಿಧಾನವಾಗಿ ಬರೋದು ಇನ್ನೂರಕ್ಕೆ ಒಂದು ಅಂದರೆ 45 ಲಕ್ಷ. ಸಾರಜನಕದ ಮೆಟ್ಟಿಲಲ್ಲಿ ಸಿಕ್ಕಿಬೀಳೋದು ಕಾಲುಭಾಗಕ್ಕಿಂತ ತುಸು ಕಡಿಮೆ ಅಂದರೆ ಸೆಕೆಂಡಿಗೆ 10 ಲಕ್ಷ. ಇದು ಒಳಹರಿವು.

ಹೊರಹರಿವು? ಮೂರನೇ ಕೋಣೆಯಲ್ಲೂ ಚೂರು ಅನಿಲ ಇದೆಯಲ್ಲ, ಅದಕ್ಕೆ ತಾಗಿ ಪಾಸಿಟ್ರಾನ್‌ಗಳು ಸಾಯುತ್ತಲೇ ಇರುತ್ತವೆ. ಸರಾಸರಿ ಆಯುಷ್ಯ 100 ಸೆಕೆಂಡ್ ಅಂತ ಹಿಡಿಯೋಣ. ಹಾಗಿದ್ದರೆ ಬಲೆಯಲ್ಲಿ ಗರಿಷ್ಠ ಎಷ್ಟು ನಿಲ್ಲಬಹುದು? ಒಳಹರಿವು ಗುಣಿಸು ಆಯುಷ್ಯ. 10 ಲಕ್ಷ ಗುಣಿಸು 100, ಅಂದರೆ 10 ಕೋಟಿ. ಅದಕ್ಕಿಂತ ಹೆಚ್ಚು ಕಾದರೂ ಹೆಚ್ಚಾಗುವುದಿಲ್ಲ, ಯಾಕಂದ್ರ ಬಂದಷ್ಟೇ ಹೋಗುತ್ತಿರುತ್ತದೆ.

ಕಾಯುವ ಹೊತ್ತಿನ ಲೆಕ್ಕವೂ ಸ್ವಾರಸ್ಯದ್ದು. ಮೊದಲ 100 ಸೆಕೆಂಡಿಗೆ ಆ ಗರಿಷ್ಠದ 63 ಪರ್ಸೆಂಟ್ ತುಂಬುತ್ತದೆ. 200ಕ್ಕೆ 86. 300ಕ್ಕೆ 95. ಮೂರನೇ ನೂರು ಸೆಕೆಂಡಿನಲ್ಲಿ ಸಿಕ್ಕ ಲಾಭ ಬರೀ 9 ಪರ್ಸೆಂಟ್. ಹಾಗಾಗಿ ಜಾಣರು ಕೆಲವೇ ನಿಮಿಷ ತುಂಬಿಸಿ, ಸಾರಜನಕವನ್ನ ಪಂಪಿನಿಂದ ಹೊರಗೆಳೆದು, ಪಾಸಿಟ್ರಾನ್ ಮೋಡವನ್ನ ಮುಂದಿನ ಬಲೆಗೆ ದಾಟಿಸುತ್ತಾರೆ. ಅಲ್ಲಿ ನಿರ್ವಾತ ಇನ್ನೂ ಶುದ್ಧ, ಆಯುಷ್ಯ ಬಹಳ ಹೆಚ್ಚು. ಹೀಗೆ ಸಣ್ಣ ಕೊಡದಿಂದ ದೊಡ್ಡ ಹಂಡೆಗೆ ಸುರಿದಂತೆ ಹಲವು ಸಲ ಸುರಿದು ಕೂಡಿಸಬಹುದು.

ಕೂಡಿದಷ್ಟೂ ಇನ್ನೊಂದು ತೊಂದರೆ ಎದುರಾಗುತ್ತದೆ. ಎಲ್ಲವೂ ಧನ, ಒಂದಕ್ಕೊಂದು ತಳ್ಳುತ್ತವೆ. ಯಲ್ಲಮ್ಮನ ಹುಣ್ಣಿಮೆಗೆ ಗುಡ್ಡದಲ್ಲಿ ಜನ ಸೇರಿದಂತೆ, ನಡುವಿನವರು ನಿಂತಲ್ಲೇ ನಿಂತರೂ ಅಂಚಿನವರು ಹೊರಗೆ ಜಾರುತ್ತಾರೆ. ಜಾರಿದರೆ ಗೋಡೆ, ಗೋಡೆ ಅಂದರೆ ಸಾವು. ಅದಕ್ಕೆ ಬಲೆಯ ಒಂದು ಬಳೆಯನ್ನ ಹೋಳು ಹೋಳು ಮಾಡಿ, ಹೋಳುಗಳಿಗೆ ಸರದಿಯಂತೆ ವೋಲ್ಟೇಜ್ ಕೊಟ್ಟು ವಿದ್ಯುತ್ ಕ್ಷೇತ್ರವನ್ನ ಗಿರ್ರನೆ ತಿರುಗಿಸುತ್ತಾರೆ. ತಿರುಗುವ ಗೋಡೆ ಅಂತಲೇ ಅದರ ಹೆಸರು. ಸರಿಯಾದ ವೇಗಕ್ಕೆ ತಿರುಗಿಸಿದರೆ ಮೋಡ ಹಿಗ್ಗುವ ಬದಲು ನಡುವಿಗೆ ಕುಗ್ಗುತ್ತದೆ.

ಇಷ್ಟೆಲ್ಲಾ ಯಾಕೆ?

ಈ ಪ್ರಶ್ನೆ ನಮ್ಮ ಗೆಳೆಯರು ಕೇಳ್ತಾರ. ಇದರಿಂದ ಏನ್ ಉಪಯೋಗ?

ಹೈಡ್ರೋಜನ್ ಅಂದರೆ ಒಂದು ಪ್ರೋಟಾನ್, ಅದರ ಸುತ್ತ ಒಂದು ಎಲೆಕ್ಟ್ರಾನ್. ಅದರ ಪ್ರತಿಬಿಂಬ ಕಟ್ಟಬೇಕಂದ್ರ ಒಂದು ಪ್ರತಿಪ್ರೋಟಾನ್, ಅದರ ಸುತ್ತ ಒಂದು ಪಾಸಿಟ್ರಾನ್ ಬೇಕು. ಅದೇ ಪ್ರತಿಹೈಡ್ರೋಜನ್. ಪ್ರತಿಪ್ರೋಟಾನ್ ಸರ್ನ್‌ನಲ್ಲಿ ಸಿಗುತ್ತದೆ. ಆದರೆ ಒಂದಕ್ಕೊಂದು ಎದುರಾದ ಕೂಡಲೇ ಅಂಟಿಕೊಳ್ಳುವುದಿಲ್ಲ. ಹೆಚ್ಚಾಗಿ ಎರಡು ಪಾಸಿಟ್ರಾನ್ ಒಟ್ಟಿಗೆ ಒಂದು ಪ್ರತಿಪ್ರೋಟಾನಿನ ಬಳಿ ಬಂದು, ಒಂದು ಶಕ್ತಿಯನ್ನ ಹೊತ್ತುಕೊಂಡು ಓಡಿದರೆ ಇನ್ನೊಂದು ಅಲ್ಲಿ ಉಳಿಯುತ್ತದೆ. ಅದಕ್ಕೇ ಪಾಸಿಟ್ರಾನ್‌ಗಳು ದಟ್ಟವಾಗಿರಬೇಕು, ತೀರ ತಂಪಾಗಿರಬೇಕು, ಕೋಟಿಗಟ್ಟಲೆ ಇರಬೇಕು. ಇಷ್ಟೊತ್ತು ಹೇಳಿದ ಕೂಡಿಡುವ ಕೆಲಸವೆಲ್ಲ ಇದಕ್ಕಾಗಿ.

2002ರಲ್ಲಿ ಸರ್ನ್‌ನ ಅಥೀನಾ ತಂಡ ಸುರ್ಕೊ ಬಗೆಯ ಬಲೆಯಿಂದಲೇ ಪಾಸಿಟ್ರಾನ್ ಕೂಡಿಸಿ, ತಂಪಾದ ಪ್ರತಿಹೈಡ್ರೋಜನ್ ಪರಮಾಣುಗಳನ್ನ ಸಾವಿರಗಟ್ಟಲೆ ಮಾಡಿತು. 2010ರಲ್ಲಿ ಆಲ್ಫಾ ತಂಡ 38 ಪರಮಾಣುಗಳನ್ನ ಬಲೆಯಲ್ಲಿ ಹಿಡಿದು ತೋರಿಸಿತು. ಮರುವರ್ಷ ಅವನ್ನ 1000 ಸೆಕೆಂಡ್ ತನಕ ಇಟ್ಟುಕೊಂಡರು. 2016ರಲ್ಲಿ ಅದರ ಮೇಲೆ ಲೇಸರ್ ಬಿಟ್ಟು, ಅದು ಹೀರುವ ಬೆಳಕು ಸಾಮಾನ್ಯ ಹೈಡ್ರೋಜನ್ ಹೀರುವಂಥದ್ದೇ ಅಂತ ಕಂಡರು. 2023ರಲ್ಲಿ ಅದನ್ನ ಬಲೆಯಿಂದ ಬಿಟ್ಟು ನೋಡಿದರು: ಮೇಲೆ ಹೋಗುತ್ತಾ, ಕೆಳಗೆ ಬೀಳುತ್ತಾ? ಕೆಳಗೇ ಬಿತ್ತು, ನಮ್ಮ ಮಾವಿನಕಾಯಿಯಂತೆ.

2025ರ ನವೆಂಬರ್‌ನಲ್ಲಿ ಬಂದ ಸುದ್ದಿ ನಮ್ಮ ಇವತ್ತಿನ ವಿಷಯಕ್ಕೇ ಸೇರಿದ್ದು. ಆಲ್ಫಾ ತಂಡ ಪಾಸಿಟ್ರಾನ್ ಮೋಡದ ಜೊತೆಗೆ ಲೇಸರ್‌ನಿಂದ ತಂಪು ಮಾಡಿದ ಬೆರಿಲಿಯಂ ಅಯಾನುಗಳನ್ನ ಸೇರಿಸಿತು. ಬಿಸಿ ಚಹಾದ ಲೋಟವನ್ನ ತಣ್ಣೀರಲ್ಲಿ ಇಟ್ಟಂತೆ, ಪಾಸಿಟ್ರಾನ್‌ಗಳ ಬಿಸಿಯನ್ನ ಬೆರಿಲಿಯಂ ಎಳೆದುಕೊಂಡಿತು. ಬೆರಿಲಿಯಂ ಅಯಾನೂ ಧನವಾದ್ದರಿಂದ ಅವು ಒಂದಕ್ಕೊಂದು ದೂರವೇ ಇರುತ್ತವೆ, ಪಾಸಿಟ್ರಾನ್ ಸಾಯುವುದಿಲ್ಲ. ಇದರಿಂದ ಏಳು ತಾಸಿನೊಳಗೆ 15,000ಕ್ಕೂ ಹೆಚ್ಚು ಪ್ರತಿಹೈಡ್ರೋಜನ್ ಪರಮಾಣು ಕೂಡಿದವು. ಮೊದಲು ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ.

ಇದರ ಹಿಂದೆ ಒಂದು ದೊಡ್ಡ ಪ್ರಶ್ನೆ ಇದೆ. ಜಗತ್ತು ಹುಟ್ಟಿದಾಗ ದ್ರವ್ಯ, ಪ್ರತಿದ್ರವ್ಯ ಸಮಸಮ ಹುಟ್ಟಿರಬೇಕು ಅಂತ ನಮ್ಮ ಸಿದ್ಧಾಂತ ಹೇಳುತ್ತದೆ. ಹಾಗಿದ್ದರೆ ಎಲ್ಲವೂ ಒಂದನ್ನೊಂದು ಅಳಿಸಿ ಖಾತೆ ಸೊನ್ನೆ ಆಗಬೇಕಿತ್ತು. ಆದರೆ ನಾವು ಇದ್ದೇವೆ. ನೀವು, ನಾನು, ಮಲಪ್ರಭೆ, ಕಿತ್ತೂರ ಕೋಟೆ, ಎಲ್ಲಾ ಉಳಿದ ಶಿಲ್ಕು. ಈ ಶಿಲ್ಕು ಎಲ್ಲಿಂದ ಬಂತು? ಎರಡೂ ಕಡೆ ತಾಳೆ ಆಗದ ಲೆಕ್ಕ ಕಂಡರೆ ಆಡಿಟರ್‌ಗೆ ನಿದ್ದೆ ಬರುತ್ತದೇನ್ರಿ? ವಿಜ್ಞಾನಿಗಳಿಗೂ ಬಂದಿಲ್ಲ. ಹೈಡ್ರೋಜನ್ ಮತ್ತು ಪ್ರತಿಹೈಡ್ರೋಜನ್ ನಡುವೆ ಕೂದಲೆಳೆಯ ವ್ಯತ್ಯಾಸವಾದರೂ ಇದೆಯಾ ಅಂತ ಹುಡುಕುತ್ತಿರೋದು ಅದಕ್ಕೆ.

ಬಾಂಬ್ ಆಗುತ್ತಾ?

ವಾಟ್ಸಾಪ್‌ನಲ್ಲಿ ಇದೂ ತಿರುಗುತ್ತದೆ: ಸರ್ನ್‌ನವರು ಪ್ರತಿದ್ರವ್ಯದ ಬಾಂಬ್ ಕೂಡಿಡ್ತಿದ್ದಾರೆ ಅಂತ. ನಾವೇ ಲೆಕ್ಕ ಹಾಕೋಣ. 10 ಕೋಟಿ ಪಾಸಿಟ್ರಾನ್ ಒಟ್ಟಿಗೆ ಅಳಿದರೆ ಬರುವ ಶಕ್ತಿ ಒಂದು ಜೂಲಿನ ಹತ್ತು ಲಕ್ಷದ 16 ಪಾಲು. ಎರಡು ಮಿಲಿಗ್ರಾಂ ತೂಗುವ ಒಂದು ಸೊಳ್ಳೆಯನ್ನ ಸುಮಾರು ಮುಕ್ಕಾಲು ಮೀಟರ್ ಎತ್ತುವಷ್ಟು.

ಒಂದು ಗ್ರಾಂ ಪಾಸಿಟ್ರಾನ್ ಕೂಡಿಸಬೇಕಂದ್ರ? ಸೆಕೆಂಡಿಗೆ 10 ಲಕ್ಷದಂತೆ, ಒಂದೂ ಕಳೆಯದಂತೆ ಕೂಡಿಸಿದರೂ ಸುಮಾರು 35 ಲಕ್ಷ ಕೋಟಿ ವರ್ಷ ಬೇಕು. ನಮ್ಮ ವಿಶ್ವದ ವಯಸ್ಸೇ 1,380 ಕೋಟಿ ವರ್ಷ. ಫಾರ್ವರ್ಡ್ ಮಾಡೋಕಿಂತ ಮುಂಚೆ ಇಷ್ಟು ಗುಣಾಕಾರ ಮಾಡಿದ್ರ ಸಾಕು.

ಪಾಸಿಟ್ರಾನಿನ ನಿಜವಾದ ಕೆಲಸ ನಮ್ಮ ಹತ್ತಿರವೇ ಇದೆ. ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದಲ್ಲಿ ಪಾಸಿಟ್ರಾನ್‌ಗಳನ್ನ ಪ್ಲಾಸ್ಟಿಕ್‌ನಂಥ ಪಾಲಿಮರ್‌ಗಳ ಒಳಗೆ ಬಿಟ್ಟು, ಅವು ಎಷ್ಟು ಹೊತ್ತು ಬದುಕಿದವು ಅಂತ ಅಳೆದು ಸಂಶೋಧನೆ ಮಾಡಿದ್ದಾರೆ. ಪಾಸಿಟ್ರಾನಿಗೆ ಒಳಗೆ ಖಾಲಿ ಜಾಗ ಸಿಕ್ಕರೆ ಸ್ವಲ್ಪ ಹೆಚ್ಚು ಹೊತ್ತು ಬದುಕುತ್ತದೆ. ಹೀಗೆ ಅದರ ಆಯುಷ್ಯ ನೋಡಿ, ಯಾವ ಸೂಕ್ಷ್ಮದರ್ಶಕಕ್ಕೂ ಸುಲಭಕ್ಕೆ ಕಾಣದ ಪರಮಾಣು ಗಾತ್ರದ ಸಂದುಗಳನ್ನ ಅಳೆಯಬಹುದು. ಇನ್ನು ಸರ್ನ್‌ಗೆ ಭಾರತ 2017ರಿಂದ ಸಹ ಸದಸ್ಯ ದೇಶ. ನಮ್ಮ ಭಾಗದ ಡಿಗ್ರಿ ಕಾಲೇಜಿನಲ್ಲಿ ಬಿಎಸ್ಸಿ ಓದುತ್ತಿರುವ ನೀವು ಇದನ್ನ ಕೇಳ್ತಿದ್ರ, ಆ ಬಾಗಿಲು ನಿಮಗೂ ಐತಿ ಅಂತ ಹೇಳಾಕತ್ತೀನಿ.

ದೊಡ್ಡವ್ವನ ಲೆಕ್ಕ

ಈಗ ಕೊನೇ ಲೆಕ್ಕ. ಮರುದಿನ ಬೆಳಿಗ್ಗೆ ನಾನು ಕ್ಯಾಲೆಂಡರ್ ಹಿಂದೆ ಪೆನ್ನಿನಿಂದ ಬರೆದು ದೊಡ್ಡವ್ವನಿಗೆ ತೋರಿಸಿದೆ.

"ದೊಡ್ಡವ್ವಾ, ನಿನ್ನ ಮೈಯಾಗ ನೂರು ಕಾಳು ಹಾಕಿದ್ರು ಅಂತ ತಿಳ್ಕೊ. ಎರಡು ತಾಸಿನೊಳಗ ಐವತ್ತು ಆದ್ವು. ಇನ್ನೆರಡು ತಾಸಿಗೆ ಇಪ್ಪತ್ತೈದು. ಹಿಂಗ ಹತ್ತು ಸಲ ಅರ್ಧ ಆದ್ರ ಸಾವಿರಕ್ಕ ಒಂದು ಪಾಲು ಉಳೀತದ. ಅದಕ್ಕ ಹಿಡಿಯೋದು ಹದಿನೆಂಟು ತಾಸು. ಮೂತ್ರದಾಗ ಹೋಗಿದ್ದು ಬ್ಯಾರೆ. ನೀ ಸ್ಕ್ಯಾನ್ ಮಾಡಿಸಿ ಎರಡು ದಿನ ದಾಟಿ ಹೋತು. ಇಪ್ಪತ್ತಾರು ಸಲ ಅರ್ಧ ಆಗೇತಿ. ಕಾಳಲ್ಲ, ಹೊಟ್ಟೂ ಉಳದಿಲ್ಲ."

"ಆ ಆಸ್ಪತ್ರೆಯವರು ಹಂಗ ಯಾಕ ಅಂಜಿಸಿದ್ರು ಮತ್ತ?"

"ಅಂಜಿಸಿಲ್ಲ ದೊಡ್ಡವ್ವಾ. ಅವತ್ತಿನ ದಿನ ಕೂಸಿನ ಹತ್ರ ಹೋಗಬಾರದಿತ್ತು, ಅದು ಖರೇನ. ಅವರು ರಾತ್ರಿವರೆಗೆ ಅಂದಿದ್ರು. ನೀ ಅದನ್ನ ಜನ್ಮಕ್ಕ ಅಂತ ತಿಳ್ಕೊಂಡಿ."

ಆಕೆ ಆ ಹಾಳೆಯನ್ನ ಒಂದು ಸಲ ನೋಡಿದಳು. ಅಂಕಿ ಅವಳಿಗೆ ಬರುತ್ತದೆ. ವರ್ಷಗಟ್ಟಲೆ ಹೈನದ ಲೆಕ್ಕ ಬಾಯಲ್ಲೇ ಇಟ್ಟವಳು. ಅರ್ಧ, ಅರ್ಧದ ಅರ್ಧ ಅಂತ ಬೆರಳು ಮಡಚುತ್ತಾ ಹೋದಳು. ಎರಡೂ ಕೈ ಮುಗಿದ ಮೇಲೆ ನಿಂತಳು. ಆಮೇಲೆ ಹೊಸ್ತಿಲ ಕಡೆ ತಿರುಗಿ, "ಬಾ ನನ್ನ ಬಂಗಾರಾ" ಅಂದಳು.

ನಾನು ಕಲಿತದ್ದು ಇಷ್ಟು. ನಿಮ್ಮ ಮನೆಯಲ್ಲಿ ಯಾರಿಗಾದರೂ ಇಂಥ ಸ್ಕ್ಯಾನ್ ಆದರೆ, ದೂರ ಇರಬೇಕಾದದ್ದು ಎಷ್ಟು ತಾಸು, ಯಾಕೆ ಅಂತ ಅಲ್ಲಿಯೇ ಕೇಳಿ ಬರೆದುಕೊಳ್ಳಿ. ಅವರು ಹೇಳಿದಷ್ಟು ಹೊತ್ತು ತಪ್ಪದೆ ದೂರ ಇರಿ. ಅದಕ್ಕಿಂತ ಹೆಚ್ಚು ಅಂಜಬೇಡಿ.

ಪ್ರಶ್ನೆ ಇದ್ರ ವಾಯ್ಸ್ ಮೆಸೇಜ್ ಕಳಿಸ್ರಿ, ನಿಮ್ಮ ಊರಿನ ಹೆಸರೂ ಹೇಳ್ರಿ. ಮುಂದಿನ ವಾರ ಸಿಗೋಣ. ಶರಣು.